ಹಗುರವಾದ ಯಂತ್ರ, ಭಾರವಾದ ಹೊಣೆ

ಬಾದಾಮಿಯ ಬಳಿಯ ಬನಶಂಕರಿಯ ತೇರನ್ನು ಮೇಲಿನಿಂದ ಚಿತ್ರಿಸಲು ಡ್ರೋನೆಂಬ ಯಂತ್ರವನ್ನು ಹಾರಿಸಬೇಕೆಂಬ ಆಶೆಯು ಸಹಜವಾದುದು. ಇಂಥ ಹಾರಾಟಕ್ಕೆ 2021ರ ಡ್ರೋನ್ ನಿಯಮಗಳು ಎಲ್ಲೆಯನ್ನು ಗೊತ್ತುಪಡಿಸಿವೆ. ಯಂತ್ರಕ್ಕೆ ನೋಂದಣಿಯ ಸಂಖ್ಯೆಯಿರಬೇಕು. ಹಸುರು ವಲಯದಲ್ಲಿ 400 ಅಡಿಯವರೆಗೆ ಮಾತ್ರ ಅಪ್ಪಣೆಯಿಲ್ಲದೆ ಹಾರಿಸಬಹುದು. 250 ಗ್ರಾಮು ಮೀರದ ಯಂತ್ರದ ಚಾಲಕನಿಗೆ ಪರವಾನಿಗೆ ಬೇಕಿಲ್ಲ. ಹಾಗಾದರೆ ಯಂತ್ರವು ಹಗುರವಾದೊಡನೆ ಹೊಣೆಯೂ ಹಗುರವಾಯಿತೆ?

ಇಲ್ಲವೆಂದೇ ಹೇಳಬೇಕು. ನಿಯಮವು ತೂಕವನ್ನೂ ಎತ್ತರವನ್ನೂ ಅಳೆಯಬಲ್ಲುದು. ಕೆಳಗೆ ನಿಂತವನ ಅಳುಕನ್ನು ಅಳೆಯಲಾರದು. ಜಾತ್ರೆಯಲ್ಲಿ ಯಂತ್ರವು ಕೆಟ್ಟರೆ, ಹಾರಾಟಕ್ಕೆ ಒಪ್ಪಿಗೆ ಕೊಡದವನ ತಲೆಯ ಮೇಲೆ ಬೀಳುವುದು. ಇಳಕಲ್ಲಿನ ನೇಕಾರರ ಅಂಗಳವು ಬೀದಿಗೆ ಮರೆಯಾದರೂ ಆಕಾಶಕ್ಕೆ ಮರೆಯಲ್ಲ. ಮಾಳಿಗೆಯೇರಿದ ಸಜ್ಜನನು ನೆರೆಯಂಗಳದಿಂದ ಕಣ್ಣು ತಿರುಗಿಸುವನು. ಇದನ್ನು ಯಾವ ಕಾಯಿದೆಯೂ ಕಲಿಸಲಿಲ್ಲ.

ಇಷ್ಟು ಸಂಕೋಚಪಟ್ಟರೆ ಉಪಯುಕ್ತ ಕಾರ್ಯಗಳು ನಿಂತಾವೆಂದು ಕೆಲವರು ಆಕ್ಷೇಪಿಸಬಹುದು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯು ಇದಕ್ಕೆ ಉತ್ತರವಾಗಿದೆ. ಅಲ್ಲಿ ಹಳ್ಳಿಯ ಮನೆಜಾಗಗಳನ್ನು ಡ್ರೋನಿನಿಂದ ಅಳೆಯುವ ಮೊದಲು ಎಲ್ಲೆಗಳನ್ನು ಸುಣ್ಣದಿಂದ ಗುರುತಿಸುವರು. ಮನೆಯವನಿಗೆ ತಿಳಿದ ಮೇಲೆಯೇ ಯಂತ್ರವು ಏರುವುದು. ಚಾಲಕನೂ ಹೀಗೆಯೇ ಕೆಳಗಿರುವವರನ್ನು ಕೇಳಿ ಹಾರಿಸಿದರೆ ಕೆಲಸಕ್ಕೆ ತಡೆಯಿಲ್ಲ. ಕೇಳಲು ಬಾರದಷ್ಟು ಜನರು ನೆರೆದೆಡೆಯಲ್ಲಿ, ನಿಯಮವು ಸುಮ್ಮನಿದ್ದರೂ, ದೂರದಲ್ಲಿಯೇ ನಿಲ್ಲುವುದು ತಕ್ಕುದು.