ಸಾಲಗಾರ ಯಾರು?

ಕನ್ನಡದಲ್ಲಿ ‘ಸಾಲಗಾರ’ ಎಂಬ ಮಾತಿಗೆ ಎರಡು ಮುಖ. ‘ಪಾಪ, ಸಾಲಗಾರನಾಗಿಬಿಟ್ಟ’ ಎಂದರೆ ಸಾಲ ತಂದವನು. ‘ಸಾಲಗಾರರ ಕಾಟಕ್ಕೆ ಊರು ಬಿಟ್ಟ’ ಎಂದರೆ ಸಾಲ ಕೊಟ್ಟವರು. ಕೊಟ್ಟವನನ್ನೂ ತಂದವನನ್ನೂ ಒಂದೇ ಹೆಸರಿನಿಂದ ಕರೆಯುವ ಜನ ನಾವು. ಆದರೆ ಧರ್ಮದ ಮಾತು ಬಂದ ಕೂಡಲೇ ಬೆರಳು ತಿರುಗುವುದು ಒಬ್ಬನ ಕಡೆಗೆ ಮಾತ್ರ. ಸಾಲ ತೀರಿಸುವುದು ಧರ್ಮ, ಉಳಿಸಿಕೊಳ್ಳುವುದು ಪಾಪ. ಸರಿ. ಸಾಲ ಕೇಳುವುದಕ್ಕೂ ಒಂದು ಧರ್ಮ ಇದೆಯೇ?

ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಕಾಫಿ ತೋಟ, ಮಂಜು, ಹೋಂಸ್ಟೇ. ಕಡೂರು, ಅಜ್ಜಂಪುರದ ಕಡೆಗೆ ಇಳಿದರೆ ಆ ಚಿತ್ರ ಮಾಯ. ಇದು ರಾಗಿ, ಈರುಳ್ಳಿ, ತೆಂಗಿನ ಬಯಲುಸೀಮೆ; ತರೀಕೆರೆಯ ಕಡೆ ಅಡಿಕೆ. ಬೋರು ಕೊರೆಸಲು ಸಾಲ, ನೀರು ಬೀಳದೆ ಇನ್ನೊಂದು ಕೊರೆಸಲು ಮತ್ತೊಂದು ಸಾಲ, ಈರುಳ್ಳಿ ಬೀಜಕ್ಕೊಂದು, ಮಗಳ ಮದುವೆಗೊಂದು. ಸಹಕಾರ ಸಂಘ, ಬ್ಯಾಂಕು, ಮಂಡಿ, ವಾರದ ಕಂತಿನ ಫೈನಾನ್ಸು, ಕಡೆಗೆ ಕೈಸಾಲ. ಮೇಲಿನ ಮೆಟ್ಟಿಲಿನಿಂದ ಕೆಳಗಿಳಿದಷ್ಟೂ ಬಡ್ಡಿ ಹೆಚ್ಚು, ಕಾಗದ ಕಡಿಮೆ, ಬಾಯಿ ಜೋರು.

ಫೈನಾನ್ಸಿನ ಸಂಘದ ಸಾಲದಲ್ಲಿ ಒಬ್ಬಳು ಕಂತು ತಪ್ಪಿದರೆ ಏನಾಗುತ್ತದೆ ಎಂಬುದು ಈ ಸೀಮೆಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಕಂಪನಿಯ ಹುಡುಗ ಬೈಕಿಗೆ ಒರಗಿ ಮೊಬೈಲು ನೋಡುತ್ತಾ ನಿಲ್ಲುತ್ತಾನೆ. ಜಗಲಿಯ ಮೇಲೆ ಕೂರುವವರು ಅದೇ ಕೇರಿಯ ಅಕ್ಕಂದಿರು. ‘ನೀನು ಕಟ್ಟೋವರೆಗೂ ನಾವು ಏಳಲ್ಲ ಕಣೇ.’ ಅವಳು ಕಟ್ಟದಿದ್ದರೆ ಅವರ ತಲೆಗೆ ಬರುತ್ತದೆ ಎಂಬ ಹೆದರಿಕೆ ಅವರದು. ವಸೂಲಿಯ ಕೆಲಸವನ್ನು ನೆರೆಹೊರೆಗೆ ಒಪ್ಪಿಸಿದ ಈ ಉಪಾಯ ಹೊಸದು ಎಂದುಕೊಂಡವರು ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನು ಒಮ್ಮೆ ತೆರೆಯಬೇಕು.

ಕೊಟ್ಟ ಹಣವನ್ನು ಹಿಂದಕ್ಕೆ ಪಡೆಯಲು ಮನು ಅಲ್ಲಿ ಐದು ದಾರಿ ಹೇಳುತ್ತಾನೆ. ಧರ್ಮ, ಅಂದರೆ ನಯವಾಗಿ ತಿಳಿಹೇಳುವುದು. ವ್ಯವಹಾರ, ಅಂದರೆ ನ್ಯಾಯಸ್ಥಾನಕ್ಕೆ ಹೋಗುವುದು. ಮೂರನೆಯದು ಮೋಸ. ನಾಲ್ಕನೆಯದು ಆಚರಿತ, ಅಂದರೆ ರೂಢಿಯ ಒತ್ತಾಯ: ಸಾಲ ತಂದವನ ಹೆಂಡತಿ ಮಕ್ಕಳನ್ನೋ ದನಗಳನ್ನೋ ಹಿಡಿದಿಡುವುದು, ಬಾಗಿಲಲ್ಲಿ ಕೂತುಬಿಡುವುದು ಎಂದು ವ್ಯಾಖ್ಯಾನಕಾರರು ಬಿಡಿಸಿದ್ದಾರೆ. ಐದನೆಯದು ಬಲ. ಇಂದಿನ ವಸೂಲಿ ಏಜೆಂಟರಲ್ಲಿ ಹಲವರು ಮೊದಲ ಎರಡನ್ನು ಬಿಟ್ಟು ನೇರವಾಗಿ ಮೂರರಿಂದ ಶುರು ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಬಾಗಿಲಲ್ಲಿ ಕೂರುವ ಆ ನಾಲ್ಕನೆಯ ದಾರಿಯ ಹೆಸರೇ ಧರಣಿ. ಈಗ ಧರಣಿ ಎಂದರೆ ತಾಲ್ಲೂಕು ಕಚೇರಿ ಮುಂದೆ ಶಾಮಿಯಾನ, ಮೈಕು, ತಹಶೀಲ್ದಾರರಿಗೆ ಮನವಿಪತ್ರ. ಹಿಂದೆ ಅದು ಸಾಲ ಕೊಟ್ಟವನ ಆಯುಧ. ಅವನು, ಅಥವಾ ಅವನು ಕಳಿಸಿದ ಬ್ರಾಹ್ಮಣ, ಮನೆಬಾಗಿಲಲ್ಲಿ ಅನ್ನ ನೀರು ಬಿಟ್ಟು ಕೂರುತ್ತಿದ್ದ. ಅವನು ಸತ್ತರೆ ಪಾಪ ಒಳಗಿದ್ದವನಿಗೆ. ದೇವರನ್ನೇ ವಸೂಲಿಗೆ ಹಚ್ಚುವ ಈ ಪದ್ಧತಿಯನ್ನು 1860ರ ಭಾರತೀಯ ದಂಡ ಸಂಹಿತೆ ಅಪರಾಧವೆಂದಿತು. ಅದರ 508ನೇ ಸೆಕ್ಷನ್ ದೈವಕೋಪಕ್ಕೆ ಗುರಿಯಾಗುತ್ತೀಯೆಂದು ನಂಬಿಸಿ ಕೆಲಸ ಮಾಡಿಸಿಕೊಳ್ಳುವುದನ್ನು ಕುರಿತದ್ದು. ಉದಾಹರಣೆಯಾಗಿ ಕೊಟ್ಟದ್ದು ಬಾಗಿಲ ಮುಂದಿನ ಧರಣಿಯನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಮಾತು 354ನೇ ಸೆಕ್ಷನ್ನಿನಲ್ಲಿ ಉಳಿದಿದೆ. ‘ಧರ್ಮಸ್ಥಳಕ್ಕೆ ಬಾ, ಆಣೆ ಮಾಡು’ ಎಂಬ ಮಾತು ಸಾಲದ ಜಗಳದಲ್ಲಿ ಇವತ್ತಿಗೂ ಕೇಳುವ ನಾಡಿನಲ್ಲಿ ಈ ಸೆಕ್ಷನ್ನನ್ನು ಬಹಳ ಜನ ಓದಿದಂತಿಲ್ಲ.

ಹಾಗಾದರೆ ದೇವರಿಗೂ ಸಾಲಕ್ಕೂ ಸಂಬಂಧವೇ ಇಲ್ಲವೇ? ಇದೆ, ಬಹಳ ಹಳೆಯದು. ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ, ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಎಂಬುದು ತೈತ್ತಿರೀಯ ಸಂಹಿತೆಯಷ್ಟು ಹಿಂದಿನ ಕಲ್ಪನೆ. ಅಲ್ಲಿಂದ ‘ಋಣ’ ನಮ್ಮ ಮನೆಮಾತಾಯಿತು: ಅನ್ನದ ಋಣ, ಊರಿನ ಋಣ, ತಾಯಿಯ ಋಣ. ಇವು ತೀರುವಂಥವಲ್ಲ, ತೀರಿಸಲಿ ಎಂದು ಯಾರೂ ಕಾಯುವುದೂ ಇಲ್ಲ. ಸಾಲ ಬೇರೆ ಜಾತಿ. ಅದಕ್ಕೆ ಅಸಲಿದೆ, ಬಡ್ಡಿಯಿದೆ, ಕಡೆಯ ಕಂತಿದೆ. ವಸೂಲಿಗೆ ಬಂದವನ ಕೈಚಳಕ ಇರುವುದೇ ಇಲ್ಲಿ: ಸಾಲಕ್ಕೆ ಋಣದ ಬಟ್ಟೆ ತೊಡಿಸುತ್ತಾನೆ. ‘ತಿಂದದ್ದು ಕಕ್ಕಬೇಕಲ್ಲ, ಮಾನ ಮರ್ಯಾದೆ ಇದೆಯೋ ಇಲ್ಲವೋ’ ಎನ್ನುತ್ತಾನೆ. ಮೂವತ್ತು ಸಾವಿರದ ಬಾಕಿ ಆ ಕ್ಷಣಕ್ಕೆ ಜನ್ಮದ ಕಳಂಕವಾಗುತ್ತದೆ. ಮಾನವನ್ನು ಯಾರೂ ಅಡವಿಟ್ಟಿರಲಿಲ್ಲ; ಪ್ರೋನೋಟಿನಲ್ಲಿ ಅದರ ಹೆಸರೂ ಇರಲಿಲ್ಲ.

ಈ ಎರಡನ್ನು ಗಂಟು ಹಾಕಿದ್ದರಲ್ಲಿ ನಮ್ಮ ಶಾಸ್ತ್ರಗಳ ಪಾಲೂ ಇದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಬರೆದ. ಬ್ರಿಟಿಷರ ಕೋರ್ಟುಗಳು ಹಿಂದೂ ಕಾನೂನು ಎಂದು ಭಾರತದ ಬಹುಭಾಗದಲ್ಲಿ ಒಪ್ಪಿದ್ದು ಈ ಕನ್ನಡ ನಾಡಿನ ಗ್ರಂಥವನ್ನು. ತಂದೆಯ ಸಾಲ ಮಗ ತೀರಿಸಬೇಕು, ಇಲ್ಲದಿದ್ದರೆ ತಂದೆಗೆ ಸದ್ಗತಿಯಿಲ್ಲ ಎಂಬುದು ಅದರ ಒಂದು ನಿಲುವು. ಸಾಲ ಉಳಿಸಿ ಸತ್ತವನು ಕೊಟ್ಟವನ ಮನೆಯಲ್ಲಿ ಆಳಾಗಿಯೋ ಎತ್ತಾಗಿಯೋ ಹುಟ್ಟುತ್ತಾನೆ ಎಂಬ ನಂಬಿಕೆಯೂ ಜೊತೆಗಿತ್ತು. ಆದರೆ ಅದೇ ಸ್ಮೃತಿ ಕುಡಿತಕ್ಕೆ, ಕಾಮಕ್ಕೆ, ಜೂಜಿಗೆ ಮಾಡಿದ ಸಾಲವನ್ನು, ಕಟ್ಟದೆ ಉಳಿದ ದಂಡವನ್ನು ಮಗ ತೀರಿಸಬೇಕಿಲ್ಲ ಎಂದಿತು. ಬಡ್ಡಿ ಬೆಳೆದು ಬೆಳೆದು ಅಸಲನ್ನು ಮೀರಬಾರದು ಎಂಬ ‘ದಾಮ್‌ದುಪಟ್’ ನಿಯಮವೂ ಧರ್ಮಶಾಸ್ತ್ರದ್ದೇ. ಮುಂಬಯಿ ಪ್ರಾಂತ್ಯದ ಕೋರ್ಟುಗಳು ಅದನ್ನು ಇಪ್ಪತ್ತನೆಯ ಶತಮಾನದಲ್ಲೂ ಪಾಲಿಸಿದವು. ಅಂದರೆ ಕೊಟ್ಟವನಿಗೂ ಒಂದು ಬೇಲಿ ಇತ್ತು.

ಹಳೆಯದೆಲ್ಲ ಹೊನ್ನೆಂದು ಹಿಗ್ಗುವ ಮೊದಲು ಇದನ್ನೂ ಓದಬೇಕು. ಅಡವಿಲ್ಲದ ಸಾಲಕ್ಕೆ ಯಾಜ್ಞವಲ್ಕ್ಯ ಹೇಳಿದ ತಿಂಗಳ ಬಡ್ಡಿ ನೂರಕ್ಕೆ ಬ್ರಾಹ್ಮಣನಿಗೆ ಎರಡು, ಕ್ಷತ್ರಿಯನಿಗೆ ಮೂರು, ವೈಶ್ಯನಿಗೆ ನಾಲ್ಕು, ಶೂದ್ರನಿಗೆ ಐದು. ತಿಂಗಳಿಗೆ ಐದು ಎಂದರೆ ವರ್ಷಕ್ಕೆ ಅರವತ್ತು. ಇಲ್ಲದವನಿಗೇ ಹೆಚ್ಚು ಬಡ್ಡಿ ಎಂಬುದು ಇಂದಿನ ಮೀಟರ್ ಬಡ್ಡಿಯವರ ಆವಿಷ್ಕಾರವಲ್ಲ.

ಖುರಾನ್ ಬಡ್ಡಿಯನ್ನೇ ನಿಷೇಧಿಸಿತು. ಸಾಲದ ವಿವರವನ್ನು ಸಾಕ್ಷಿ ಸಮೇತ ಬರೆದಿಡಬೇಕೆಂಬ ಅಪ್ಪಣೆ ಅಲ್ ಬಖರಾ ಅಧ್ಯಾಯದಲ್ಲಿದೆ. ಅದು ಇಡೀ ಗ್ರಂಥದ ಅತಿ ಉದ್ದದ ವಾಕ್ಯ. ಅದಕ್ಕೆ ತುಸು ಮುಂಚೆಯೇ, ಸಾಲ ತಂದವನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಯಿರಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬ ಮಾತಿದೆ. ಜನಾಜಾದ, ಅಂದರೆ ಅಂತ್ಯಸಂಸ್ಕಾರದ ಪ್ರಾರ್ಥನೆಯ ಹೊತ್ತಿನಲ್ಲಿ, ಸತ್ತವರಿಂದ ಯಾರಿಗಾದರೂ ಬರಬೇಕಾದ್ದು ಇದ್ದರೆ ತಿಳಿಸಿ ಎಂದು ಮನೆಯವರು ಕೇಳುವ ರೂಢಿಯನ್ನು ನೋಡಿದವರಿಗೆ ಆ ಧರ್ಮ ಸಾಲವನ್ನು ಎಷ್ಟು ಭಾರವೆಂದು ಎಣಿಸಿದೆ ಎಂಬುದು ಗೊತ್ತು. ತೀರಿಸುವವನಿಗೂ ಕಾಯುವವನಿಗೂ ಕಟ್ಟಳೆ ಪಕ್ಕಪಕ್ಕದಲ್ಲೇ ಇದೆ.

ತಂದೆಯ ಸಾಲವೆಂದು ಶಾಸ್ತ್ರ ಮಗನ ಕೊರಳಿಗೆ ಹಾಕಿದ್ದ ಕುಣಿಕೆಯನ್ನು ಬಿಚ್ಚಿದ್ದು ಸಂಸತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟದ್ದಕ್ಕೆ ಹೆಸರಾಯಿತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲು ಇದೆ: ಕಾಯ್ದೆ ಜಾರಿಯಾದ ಮೇಲೆ ತಂದೆ ಮಾಡಿದ ಸಾಲಕ್ಕೆ, ಬರೀ ಧಾರ್ಮಿಕ ಕರ್ತವ್ಯ ಎಂಬ ಕಾರಣಕ್ಕೆ ಮಗ, ಮೊಮ್ಮಗ, ಮರಿಮಗನ ಮೇಲೆ ಹೋಗುವ ಹಕ್ಕನ್ನು ಯಾವ ಕೋರ್ಟೂ ಮಾನ್ಯ ಮಾಡುವುದಿಲ್ಲ. ತಂದೆ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ತಿಥಿ ಮುಗಿಯುವ ಮೊದಲೇ ಬಾಗಿಲಿಗೆ ಬಂದು ‘ಅಪ್ಪನ ಆತ್ಮಕ್ಕೆ ಶಾಂತಿ ಬೇಡವಾ’ ಎನ್ನುವವನಿಗೆ ಮಗ ಈ ಸಾಲನ್ನು ತೋರಿಸಬಹುದು. ಸಂಬಳದ ಖಾತೆಯಿಂದ ತನ್ನ ಇಷ್ಟದಿಂದ ಅಪ್ಪನ ಸಾಲ ತೀರಿಸಿದರೆ ಅದು ಅವನ ಶ್ರದ್ಧೆ. ಅದನ್ನು ಬೇರೆಯವರು ಬಲವಂತದಿಂದ ಮಾಡಿಸಿದರೆ ಶ್ರದ್ಧೆಯಾಗುವುದಿಲ್ಲ.

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಮೈಕ್ರೋ ಫೈನಾನ್ಸ್ ಕಿರುಕುಳದಿಂದ ಆತ್ಮಹತ್ಯೆಗಳ ಸುದ್ದಿ ಒಂದರ ಹಿಂದೆ ಒಂದು ಬರುತ್ತಿದ್ದ ದಿನಗಳವು. ಸರ್ಕಾರ ಸುಗ್ರೀವಾಜ್ಞೆ ತಂದಿತು: ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ನೋಂದಣಿಯಿಲ್ಲದವರು ಕೊಟ್ಟ ಸಾಲ ಮನ್ನಾ. ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಮೊದಲು ಅದನ್ನು ಹಿಂದಕ್ಕೆ ಕಳಿಸಿದರು. ಕೊಡುವ ಸಾಲವೇ 3 ಲಕ್ಷ, ದಂಡ 5 ಲಕ್ಷವೇ, ನ್ಯಾಯವಾಗಿ ಕೊಟ್ಟವನು ಹಣ ಹೇಗೆ ಪಡೆಯಬೇಕು ಎಂಬುದು ಅವರ ಪ್ರಶ್ನೆ. ಫೆಬ್ರವರಿ 12ರಂದು ಅಂಕಿತ ಬಿತ್ತು. ಮಾರ್ಚ್‌ನಲ್ಲಿ ಶಾಸನಸಭೆ ಅದನ್ನು ಮಸೂದೆಯಾಗಿ ಒಪ್ಪಿತು. ರಾಜ್ಯಪಾಲರ ಪ್ರಶ್ನೆಯನ್ನು ರಾಜಕೀಯವೆಂದು ತಳ್ಳಿಹಾಕುವುದು ಸುಲಭ. ಆದರೆ ಕೈಸಾಲ ಕೊಟ್ಟವರೆಲ್ಲ ರಕ್ಕಸರಲ್ಲ. ಪಿಂಚಣಿಯ ದುಡ್ಡು ಕೊಟ್ಟು ಕೈಚೆಲ್ಲಿ ಕೂತ ನಿವೃತ್ತ ಮೇಷ್ಟ್ರುಗಳೂ ಊರೂರಲ್ಲಿ ಇದ್ದಾರೆ.

ಅಂಚೆಗೆ ಹಾಕಿದ ಆ ಮಾಂಗಲ್ಯಕ್ಕೆ ಕಾನೂನಿನಲ್ಲಿ ಒಂದು ಜಾಗ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಜಪ್ತಿ ಮಾಡಬಾರದ ವಸ್ತುಗಳನ್ನು ಎಣಿಸುತ್ತದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಹತಾರ, ರೈತನ ನೇಗಿಲು, ಅವನ ಜೀವನಕ್ಕೆ ಬೇಕಾದ ದನ, ಬಿತ್ತನೆ ಕಾಳು. ಅಮೃತಮಹಲ್ ತಳಿಯ ಹೆಸರಿನಿಂದಲೇ ಪ್ರಸಿದ್ಧವಾದ ಅಜ್ಜಂಪುರದಲ್ಲಿ ಎತ್ತಿನ ಬೆಲೆ ಏನೆಂದು ವಿವರಿಸಬೇಕಿಲ್ಲ. ಡಿಕ್ರಿ ಹಿಡಿದು ಬಂದ ಕೋರ್ಟಿನ ಅಮೀನನೇ ಮುಟ್ಟಲಾಗದ ಹಟ್ಟಿಗೆ, ಯಾವ ಡಿಕ್ರಿಯೂ ಇಲ್ಲದ ಫೈನಾನ್ಸಿನ ಹುಡುಗ ನುಗ್ಗುತ್ತಾನೆ. ಸಾಲ ಕಟ್ಟಲು ನಿಜಕ್ಕೂ ಇಲ್ಲದವನನ್ನು ಸಿವಿಲ್ ಜೈಲಿಗೆ ಹಾಕುವಂತಿಲ್ಲ ಎಂದು 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್.

ಹಿಂದೆ ಹಟ್ಟಿ, ಕಣಜ ಇದ್ದ ಜಾಗದಲ್ಲಿ ಈಗ ಬ್ಯಾಂಕ್ ಖಾತೆ ಇದೆ. ಗೃಹಲಕ್ಷ್ಮಿಯ ಎರಡು ಸಾವಿರ, ವೃದ್ಧಾಪ್ಯ ವೇತನ, ಉದ್ಯೋಗ ಖಾತರಿ ಕೂಲಿ, ಬೆಳೆ ಪರಿಹಾರ ಎಲ್ಲ ಅಲ್ಲಿಗೇ. ಏಜೆಂಟ್ ‘ನಿನ್ನ ಖಾತೆ ಲಾಕ್ ಮಾಡಿಸ್ತೀನಿ’ ಎಂದರೆ ಅದು ಬರೀ ಬಾಯಿಮಾತು. ಸಾಲದ ವಸೂಲಿಗೆ ಬೇರೆ ಬ್ಯಾಂಕಿನ ಖಾತೆ ಜಪ್ತಿಯಾಗಬೇಕಾದರೆ ನ್ಯಾಯಾಲಯದ ಅಥವಾ ಕಾನೂನು ಅಧಿಕಾರ ಕೊಟ್ಟ ಪ್ರಾಧಿಕಾರದ ಆದೇಶ ಬೇಕು. ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಪಾಲನ್ನು ಸಾಮಾನ್ಯ ಸಾಲದ ಡಿಕ್ರಿಗೆ ಜಪ್ತಿ ಮಾಡುವಂತಿಲ್ಲ. ಸರ್ಕಾರಿ ಪಿಂಚಣಿಗೆ 1871ರ ಪಿಂಚಣಿ ಕಾಯ್ದೆಯ ರಕ್ಷೆಯಿದೆ.

ನಿಜವಾದ ಅಪಾಯ ಬೇರೆ ಕಡೆ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಉಳಿತಾಯ ಖಾತೆ ಇದ್ದರೆ, ಬಾಕಿಗೆ ಅಲ್ಲಿಯ ಹಣವನ್ನು ವಜಾ ಮಾಡಿಕೊಳ್ಳುವ ಹಕ್ಕನ್ನು ಬ್ಯಾಂಕ್ ಕೇಳಬಹುದು. 2023ರ ಬರದ ಪರಿಹಾರ ಮರುವರ್ಷ ರೈತರ ಖಾತೆಗೆ ಬಂದಾಗ, ಅದನ್ನು ಸಾಲಕ್ಕೆ ಹಿಡಿದುಕೊಳ್ಳಬೇಡಿ ಎಂದು ಸರ್ಕಾರವೇ ಬ್ಯಾಂಕುಗಳಿಗೆ ಸೂಚಿಸಬೇಕಾಯಿತು. ಎರಡನೆಯದು ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕು: ಮೊತ್ತ ತುಂಬಿ ಬ್ಯಾಂಕಿಗೆ ಹಾಕಿದರೆ ಸಿವಿಲ್ ಸಾಲ ಒಂದೇ ದಿನದಲ್ಲಿ ಚೆಕ್ ಬೌನ್ಸ್‌ನ ಕ್ರಿಮಿನಲ್ ಕೇಸಿನತ್ತ ಹೊರಳುತ್ತದೆ. ಮೂರನೆಯದು ಅಡವೆಂದು ಒಪ್ಪಿಸಿದ ಎಟಿಎಂ ಕಾರ್ಡು, ಫೋನಿನಲ್ಲಿ ಹೇಳಿಬಿಟ್ಟ ಒಟಿಪಿ.

ಹಾಗಿದ್ದರೆ ಪಿಂಚಣಿ, ಕೂಲಿಯ ಹಣವನ್ನು ಸಾಲವಿಲ್ಲದ ಬ್ಯಾಂಕಿನ ಖಾತೆಗೆ ಬದಲಾಯಿಸಿಕೊಳ್ಳುವುದು ಮೋಸವೇ? ಧರ್ಮಸೂಕ್ಷ್ಮ ಇರುವುದು ಇಲ್ಲಿಯೇ. ಅಡಿಕೆ ಮಾರಿದ ಲಕ್ಷಗಳನ್ನು ಭಾಮೈದನ ಹೆಸರಿಗೆ ದಾಟಿಸಿ, ಏನೂ ಇಲ್ಲವೆಂದು ಕೈ ಎತ್ತುವವನು ವಂಚಕ. ಸಾಲ ಕೊಟ್ಟವರಿಗೆ ಸಿಗದಂತೆ ಆಸ್ತಿ ಮರೆಮಾಡುವುದನ್ನು ಕಾನೂನೂ ಅಪರಾಧ ಎನ್ನುತ್ತದೆ. ಈ ತಿಂಗಳ ಅಕ್ಕಿಯ ದುಡ್ಡನ್ನು ಬದಿಗಿಡುವವಳು ಮಾಡುವುದು ಬಿತ್ತನೆ ಕಾಳನ್ನು ಬದಿಗಿಟ್ಟ ರೈತ ಮಾಡಿದ್ದನ್ನೇ. ಬಿತ್ತನೆ ಕಾಳು ಉಳಿದರೆ ತಾನೆ ಮುಂದಿನ ಕಂತು. ಆದರೆ ಸುಮ್ಮನೆ ಖಾತೆ ಬದಲಾಯಿಸಿದರೆ ಸಾಲದು. ಬ್ಯಾಂಕಿಗೆ ಹೋಗಿ, ಕಟ್ಟಲಾಗುತ್ತಿಲ್ಲ, ಇಷ್ಟಿಷ್ಟು ಕಟ್ಟುತ್ತೇನೆ ಎಂದು ಬರೆದುಕೊಟ್ಟು ಮೊಹರು ಹಾಕಿಸಿಕೊಳ್ಳಬೇಕು. ಬಚ್ಚಿಟ್ಟವಳಿಗೂ ಉಳಿಸಿಕೊಂಡವಳಿಗೂ ಇರುವ ವ್ಯತ್ಯಾಸಕ್ಕೆ ಆ ಕಾಗದವೇ ಸಾಕ್ಷಿ.

ಕೇಳುವ ಧರ್ಮವನ್ನು ಈಗ ರಿಸರ್ವ್ ಬ್ಯಾಂಕ್ ಗಡಿಯಾರದಲ್ಲಿ ಬರೆದಿದೆ. 2022ರ ಮಾರ್ಚ್‌ನ ನಿರ್ದೇಶನದಂತೆ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗಳಿಗೆ ಕೊಡುವ ಕಿರುಸಾಲಕ್ಕೆ ಅಡವು ಕೇಳುವಂತಿಲ್ಲ. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನು ಮಾಡುವಂತಿಲ್ಲ, ನೆಂಟರನ್ನೂ ಸ್ನೇಹಿತರನ್ನೂ ಕಾಡುವಂತಿಲ್ಲ, ಹೆಸರು ಸಾರುವಂತಿಲ್ಲ. ವಸೂಲಿ ನಡೆಯಬೇಕಾದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸಾಲ ತಂದವಳು ಎರಡು ಬಾರಿ ಸತತವಾಗಿ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಮನುವಿನ ನಾಲ್ಕನೆಯ, ಐದನೆಯ ದಾರಿಗಳು ಅಲ್ಲಿಗೆ ಮುಚ್ಚಿದವು, ಕಾಗದದ ಮೇಲಾದರೂ.

ಜಗಲಿಯ ಮೇಲೆ ಜನ ಕೂತಿರುವಾಗ ಸೆಕ್ಷನ್ನುಗಳು ನೆನಪಿಗೆ ಬರುವುದಿಲ್ಲ, ನಿಜ. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಇರುವುದು ಅದಕ್ಕೇ. ಕಡೂರು, ತರೀಕೆರೆಯವರು ಅಲ್ಲಿನ ನ್ಯಾಯಾಲಯದಲ್ಲೇ ವಿಚಾರಿಸಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಹೋಗುವಾಗ ಪಾಸ್‌ಬುಕ್ಕು ಮತ್ತು ಕಟ್ಟಿದ ಕಂತುಗಳ ರಸೀದಿ ಜೊತೆಗಿರಲಿ.