ರಜೆಯ ದಿನ ಯಾರದು?



ಕಾಮಿಕ್ಸ್ ಹುಚ್ಚಿನವರೊಬ್ಬರು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇದ್ದೇ ಇರುತ್ತಾರೆ. ಅವರು ಶಾಲೆಗೆ ಹೋಗುವ ಹುಡುಗನೇ ಆಗಬೇಕೆಂದಿಲ್ಲ, ಕೂದಲು ನರೆತ ಯಜಮಾನರೂ ಆಗಿರಬಹುದು. ಭಾನುವಾರ ಬಂತೆಂದರೆ ಬೆಳಗಿನ ಪೂಜೆ ಮುಗಿಸಿ, ತಿಂಡಿ ತಿಂದು, ಹಳೆಯ ಟಿನ್‌ಟಿನ್ ಪುಸ್ತಕವನ್ನೋ ಅಮರ ಚಿತ್ರ ಕಥೆಯನ್ನೋ ಹಿಡಿದು ಕೂರುತ್ತಾರೆ. ಊಟದ ನಂತರ ಒಂದು ಸಿನಿಮಾ. ಸಂಜೆ ಕಾಫಿಯೊಂದಿಗೆ ಪತ್ರಿಕೆಯ ಪದಬಂಧ. ರಾತ್ರಿ ಮಲಗುವಾಗ ಅವರಿಗೆ ಪೂರ್ಣ ತೃಪ್ತಿ. ಮನೆಯವರದು ಮಾತ್ರ ಒಂದೇ ಗೊಣಗು: "ಇಡೀ ದಿನ ದಂಡ!"

ಈ ಗೊಣಗು ನ್ಯಾಯವೇ? ದುಡಿಯದೆ, ಸಂಪಾದಿಸದೆ, ಬರಿಯ ಸಂತೋಷಕ್ಕಾಗಿ ಕಳೆದ ದಿನ ವ್ಯರ್ಥವೇ?

ಹೌದೆಂದು ನಮ್ಮಲ್ಲಿ ಅನೇಕರು ಹೇಳಿಯಾರು. ಆದರೆ 13ನೇ ಶತಮಾನದ ಮಹಾಪಂಡಿತ ಸಂತ ತೋಮಸ್ ಅಕ್ವಿನಾಸರು ಹಾಗೆ ಹೇಳಲಿಲ್ಲ. ಆಟವಿನೋದಗಳ ಕುರಿತು ಚರ್ಚಿಸುವಾಗ ಅವರು ಸಂತ ಯೊವಾನ್ನರ ಬಗೆಗಿನ ಹಳೆಯ ಕಥೆಯೊಂದನ್ನು ನೆನೆಯುತ್ತಾರೆ. ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಹುಬ್ಬು ಗಂಟಿಕ್ಕಿದರು. ಅವರಲ್ಲಿ ಬಿಲ್ಲು ಹಿಡಿದಿದ್ದವನಿಗೆ ಯೊವಾನ್ನರು ಬಾಣ ಬಿಡಲು ಹೇಳಿದರು. ಹಲವು ಬಾಣಗಳನ್ನು ಬಿಟ್ಟಾದ ಮೇಲೆ, ಹೀಗೆಯೇ ಎಡೆಬಿಡದೆ ಬಿಡುತ್ತಿರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿದೀತೆಂದು ಅವನು ಉತ್ತರಿಸಿದ. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ದೇಹದ ದಣಿವಿಗೆ ನಿದ್ರೆ ಹೇಗೋ, ಮನಸ್ಸಿನ ದಣಿವಿಗೆ ವಿನೋದ ಹಾಗೆ. ತಾನೂ ನಗದೆ, ಇತರರ ನಗುವನ್ನೂ ಸಹಿಸದೆ ಎಲ್ಲರಿಗೂ ಭಾರವಾಗುವುದನ್ನು ಸಂತ ತೋಮಸರು ದೋಷವೆಂದೇ ಎಣಿಸಿದರು.

ಹಾಗಾದರೆ ಏನು ಮಾಡಿದರೂ ಸರಿಯೇ? ಅಲ್ಲ. ಅವರು ಮೂರು ಎಚ್ಚರಿಕೆಗಳನ್ನು ಕೊಟ್ಟರು. ನಮ್ಮ ಕಾಮಿಕ್ಸ್ ಪ್ರಿಯರ ದಿನವನ್ನು ಆ ಮೂರರಿಂದ ಅಳೆದು ನೋಡೋಣ.

ಮೊದಲನೆಯದು, ವಿನೋದವು ಅಸಭ್ಯವಾಗಿರಬಾರದು, ಯಾರನ್ನೂ ನೋಯಿಸಬಾರದು. ಟಿನ್‌ಟಿನ್ ಹುಟ್ಟಿದ್ದು 1929ರಲ್ಲಿ, ಬೆಲ್ಜಿಯಮ್ ದೇಶದ ಕಥೋಲಿಕ ದಿನಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ. ಚಿತ್ರಕಾರ ಎರ್ಜೆ ಆಫ್ರಿಕಾದ ಕಾಂಗೋ ಜನರನ್ನು ಬುದ್ಧಿಯಿಲ್ಲದವರಂತೆ ಚಿತ್ರಿಸಿದಾಗ ಅಲ್ಲಿನ ಓದುಗರು ನಕ್ಕರು. ಮುಂದೆ ಟಿನ್‌ಟಿನ್ ಚೀನಾಕ್ಕೆ ಹೋಗುತ್ತಾನೆಂದು ಪ್ರಕಟವಾದಾಗ, ಲೂವೆನ್ ವಿಶ್ವವಿದ್ಯಾಲಯದ ಚೀನೀ ವಿದ್ಯಾರ್ಥಿಗಳ ಆಧ್ಯಾತ್ಮಿಕ ಮಾರ್ಗದರ್ಶಕರಾಗಿದ್ದ ಫಾದರ್ ಗೊಸ್ಸೆ ಅವರು ಎರ್ಜೆಗೆ ಪತ್ರ ಬರೆದರು. ಚೀನೀಯರನ್ನು ಸರಿಯಾಗಿ ತಿಳಿದುಕೊಂಡು ಚಿತ್ರಿಸಬೇಕೆಂಬುದು ಅವರ ವಿನಂತಿ. 1934ರಲ್ಲಿ ಎರ್ಜೆಗೆ ಝಾಂಗ್ ಚೊಂಗ್‌ರೆನ್ ಎಂಬ ಚೀನೀ ಕಲಾವಿದ್ಯಾರ್ಥಿಯ ಪರಿಚಯವಾಯಿತು. ಆ ಸ್ನೇಹದ ಫಲವೇ 'ದಿ ಬ್ಲೂ ಲೋಟಸ್'. ಒಂದು ಜನಾಂಗವು ಇನ್ನೊಂದರ ಬಗ್ಗೆ ಕಟ್ಟಿಕೊಂಡ ಸುಳ್ಳು ಕಲ್ಪನೆಗಳನ್ನು ಇಬ್ಬರು ಹುಡುಗರು ನಕ್ಕು ಬಿಸಾಡುವ ಪ್ರಸಂಗ ಅದರಲ್ಲಿದೆ. ಮಕ್ಕಳ ಪುಸ್ತಕ ತಾನೇ ಎಂದು ಆ ಗುರುಗಳು ಸುಮ್ಮನಿರಲಿಲ್ಲ. ನಾವು ಯಾವುದಕ್ಕೆ ನಗುತ್ತೇವೆ ಎಂಬುದು ಯಾರನ್ನು ಕೀಳಾಗಿ ಕಾಣುತ್ತೇವೆ ಎಂಬುದನ್ನೂ ತೋರಿಸುತ್ತದೆ.

ಎರಡನೆಯದು, ವಿನೋದದಲ್ಲಿ ಮನಸ್ಸಿನ ಸ್ಥಿಮಿತ ಕಳೆದುಕೊಳ್ಳಬಾರದು. ಮೊದಲ ಪದಬಂಧವು 1913ರ ಡಿಸೆಂಬರ್ 21ರಂದು, ಒಂದು ಭಾನುವಾರ, 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಬಂತು. ಅದನ್ನು ರಚಿಸಿದವರು ಆರ್ಥರ್ ವಿನ್. ಪದಬಂಧದ ಒಂದು ಗುಣವನ್ನು ಗಮನಿಸಿ: ಅದಕ್ಕೆ ಕೊನೆಯ ಚೌಕವಿದೆ. ಅದು ತುಂಬಿದೊಡನೆ ಪೆನ್ನು ಕೆಳಗಿಡಬಹುದು. ಕಾಮಿಕ್ಸಿಗೆ ಕಡೆಯ ಪುಟವಿದೆ, ಸಿನಿಮಾಕ್ಕೆ 'ಶುಭಂ' ಇದೆ. ಆದರೆ ಇಂದು ಮೊಬೈಲಿನಲ್ಲಿ ಒಂದರ ಹಿಂದೆ ಒಂದು ಓಡಿಬರುವ ತುಣುಕು ವೀಡಿಯೊಗಳಿಗೆ ಕೊನೆಯೆಂಬುದಿಲ್ಲ. ಮುಗಿಯುವ ವಿನೋದ ನಮ್ಮನ್ನು ಮನೆಯವರಿಗೆ ಹಿಂದಿರುಗಿಸುತ್ತದೆ. ಮುಗಿಯದ ವಿನೋದ ನಮ್ಮನ್ನು ಇಟ್ಟುಕೊಂಡುಬಿಡುತ್ತದೆ.

ಮೂರನೆಯದು, ವಿನೋದವು ವ್ಯಕ್ತಿ, ಕಾಲ, ಸ್ಥಳಗಳಿಗೆ ತಕ್ಕದ್ದಾಗಿರಬೇಕು. ನಾವು ಹೆಚ್ಚು ತಪ್ಪುವುದು ಇಲ್ಲಿಯೇ ಎಂದು ತೋರುತ್ತದೆ.

ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಶ್ರೇಷ್ಠ ಚಿತ್ರಗಳ ಪಟ್ಟಿ ಪ್ರಕಟಿಸಿತು. 1948ರ ಇಟಲಿಯ 'ಬೈಸಿಕಲ್ ಥೀವ್ಸ್' ಅದರಲ್ಲೊಂದು. ಕಳುವಾದ ಸೈಕಲ್ಲಿಗಾಗಿ ಬಡ ತಂದೆಯೊಬ್ಬ ಪುಟ್ಟ ಮಗನೊಡನೆ ರೋಮ್ ನಗರದ ಬೀದಿ ಬೀದಿ ಅಲೆಯುವ ಕಥೆ. ಅವರು ಹಾಗೆ ಅಲೆಯುವುದು ಭಾನುವಾರ. ಊರಿಗೆಲ್ಲ ರಜೆ, ಅವರಿಬ್ಬರಿಗಿಲ್ಲ. ಆ ಚಿತ್ರವನ್ನು ನೋಡಿ ನಾವು ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಅದೇ ಹೊತ್ತಿನಲ್ಲಿ ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಕೇಳುತ್ತಿರುತ್ತದಲ್ಲವೇ?

ಭಾನುವಾರ ಮನೆಯವರೆಲ್ಲ ಇರುವುದರಿಂದ ಅಡುಗೆ ಹೆಚ್ಚು, ಬಟ್ಟೆ ಹೆಚ್ಚು, ಬಂದುಹೋಗುವವರು ಹೆಚ್ಚು. ಒಬ್ಬರ ರಜೆಯೇ ಇನ್ನೊಬ್ಬರಿಗೆ ದುಪ್ಪಟ್ಟು ದುಡಿಮೆ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ವಿಶ್ರಾಂತಿಯ ಆಜ್ಞೆಯನ್ನು ಓದಿನೋಡಿ. ಮನೆಯ ಯಜಮಾನನಂತೆಯೇ ದಾಸದಾಸಿಯರೂ ವಿಶ್ರಮಿಸಬೇಕೆಂಬುದು ಅಲ್ಲಿಯ ಉದ್ದೇಶ. ಈಜಿಪ್ಟಿನಲ್ಲಿ ನೀವೇ ದಾಸರಾಗಿದ್ದುದನ್ನು ಮರೆಯಬೇಡಿ ಎಂದು ಇಸ್ರಯೇಲರಿಗೆ ನೆನಪಿಸಲಾಗುತ್ತದೆ. ಅಂದರೆ ಬಿಡುವು ಸೋಮಾರಿಯ ಗುರುತಲ್ಲ, ಸ್ವತಂತ್ರನ ಗುರುತು. ಹೀಗಿರುವಾಗ ಒಂದೇ ಮನೆಯಲ್ಲಿ ಒಬ್ಬರು ಸ್ವತಂತ್ರರಾಗಿ ಇನ್ನೊಬ್ಬರು ಬಿಡುವಿಲ್ಲದೆ ದುಡಿಯುವುದು ಸಣ್ಣ ವಿಷಯವೇ?

"ಅಡುಗೆ ಮಾಡಿ ಬಡಿಸುವುದೇ ಅವಳಿಗೆ ಸಂತೋಷ" ಎಂದು ನೀವು ಹೇಳಬಹುದು. ಅದು ನಿಜವೂ ಇರಬಹುದು. ಆದರೆ ಅವರನ್ನು ಯಾರಾದರೂ ಕೇಳಿದ್ದಾರೆಯೇ? ತನಗೇನು ಇಷ್ಟವೆಂದು ತಿಳಿಯಲೂ ಮನುಷ್ಯರಿಗೆ ಬಿಡುವು ಬೇಕು. ನಾಲ್ಕು ಪುಸ್ತಕ ತಿರುವಿಹಾಕಿದವನಿಗೆ ಮಾತ್ರ ಐದನೆಯದು ತನ್ನದೆಂದು ಗೊತ್ತಾಗುತ್ತದೆ. ಮೂವತ್ತು ವರ್ಷ ಒಂದು ಮಧ್ಯಾಹ್ನವೂ ತನ್ನದೆಂದು ಸಿಗದ ತಾಯಿ "ನನಗೇನೂ ಬೇಡಪ್ಪ" ಎಂದರೆ ಅದು ತೃಪ್ತಿಯ ಮಾತೇ ಆಗಬೇಕಿಲ್ಲ.

ಆದ್ದರಿಂದ ಕಾಮಿಕ್ಸ್ ಪ್ರಿಯರೇ, ನಿಮ್ಮ ಪುಸ್ತಕವನ್ನು ಮುಚ್ಚಿಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಓದಿ, ನಗಿ, ಪದಬಂಧ ಬಿಡಿಸಿ. ಅದು ದಂಡವಲ್ಲ. ಆದರೆ ನಿಮ್ಮ ಬಿಡುವಿನ ಖರ್ಚನ್ನು ಯಾರು ಭರಿಸುತ್ತಿದ್ದಾರೆಂದು ಒಮ್ಮೆ ಲೆಕ್ಕ ಹಾಕಿ. ಮನೆಗೆಲಸಕ್ಕೆ ಬರುವಾಕೆಯನ್ನೂ ಆ ಲೆಕ್ಕದಿಂದ ಬಿಡಬೇಡಿ. ಬರುವ ಭಾನುವಾರ ತರಕಾರಿ ಹೆಚ್ಚಿಕೊಡಿ, ಪಾತ್ರೆ ತೊಳೆಯಿರಿ, ಒಂದು ಹೊತ್ತಿನ ಅಡುಗೆಯನ್ನು ಮಕ್ಕಳೊಡನೆ ನೀವೇ ಮಾಡಿ. ಉಪ್ಪು ಹೆಚ್ಚಾದರೆ ಯಾರೂ ಸಾಯುವುದಿಲ್ಲ. ಹಾಗೆ ಉಳಿದ ಎರಡು ಗಂಟೆಯನ್ನು ಅವರು ಓದಿನಲ್ಲಿ ಕಳೆಯಲಿ, ಹಾಡಿನಲ್ಲಿ ಕಳೆಯಲಿ, ನಿದ್ರೆಯಲ್ಲೇ ಕಳೆಯಲಿ. ಅದು ಅವರ ಇಷ್ಟ. ಹೇಗೆ ಕಳೆದಿರೆಂದು ಲೆಕ್ಕ ಕೇಳಬೇಡಿ. ನಿಮ್ಮನ್ನು ಯಾರೂ ಕೇಳಲಿಲ್ಲವಲ್ಲ!