ಕೂಡಿಸಿದ ಶಕ್ತಿಯೂ ಕೂಡಿಬಂದ ಹೊಣೆಯೂ



ಒಬ್ಬ ರೈತನು ತನ್ನ ಹಳೆಯ ಬಾವಿಗೆ ಹೊಸ ಪಂಪನ್ನು ಕೂಡಿಸಿದರೆ ಬಾವಿಯ ನೀರು ಹೆಚ್ಚುವದಿಲ್ಲ. ನೀರೆತ್ತುವ ಶಕ್ತಿ ಮಾತ್ರ ಹೆಚ್ಚುತ್ತದೆ. ಆ ನೀರು ಯಾವ ಮಡಿಗೆ ಮೊದಲು ಹೋಗಬೇಕು, ಕಡೇ ಮಡಿಯ ಸಸಿಗೆ ಎಷ್ಟು ಮುಟ್ಟಬೇಕು ಎಂಬದನ್ನು ಪಂಪು ಹೇಳದು. ಸನಿಕೆ ಹಿಡಿದವನೇ ಅದನ್ನು ಗೊತ್ತುಮಾಡಬೇಕು. ನಮ್ಮ ಹೊಸಹಳ್ಳಿಯಂಥ ಊರುಗಳ ಮನೆಗಳಿಗೂ ಬಂದಿರುವ ಒಂದು ಸಣ್ಣ ಸಾಧನವನ್ನು ಕುರಿತು ವಿಚಾರಿಸುವಾಗ ಈ ಮಾತನ್ನು ನೆನಪಿನಲ್ಲಿಡುವದು ಒಳ್ಳೇದು.

ಆ ಸಾಧನವು ಯಾವದಂದರೆ, ಸಾಮಾನ್ಯವಾದ ಟೆಲಿವಿಷನ್ ಪೆಟ್ಟಿಗೆಯ ಹಿಂದೆ ಚುಚ್ಚುವ ಕಡ್ಡಿ. ಪೆಟ್ಟಿಗೆಯಲ್ಲಿ ಎಚ್.ಡಿ.ಎಂ.ಐ. ಎಂಬ ಚಪ್ಪಟೆಯಾದ ಕಿಂಡಿಯಿದ್ದರೆ ಅದರಲ್ಲಿ ಇದನ್ನು ಸೇರಿಸಿ, ವಿದ್ಯುತ್ತಿನ ತಂತಿ ಕೊಟ್ಟು, ಮನೆಯ ವೈಫೈಗಾಗಲಿ ಮೊಬೈಲಿನ ಹಾಟ್‌ಸ್ಪಾಟಿಗಾಗಲಿ ಜೋಡಿಸಬೇಕು. ಕಿಂಡಿಯಿಲ್ಲದ ಹಳೆಯ ದಪ್ಪ ಪೆಟ್ಟಿಗೆಗೆ ನಡುವೆ ಒಂದು ಪರಿವರ್ತಕವನ್ನು ಇಡಬೇಕಾಗುತ್ತದೆ. ಕಡ್ಡಿಯೊಳಗೆ ಚಿಕ್ಕದೊಂದು ಗಣಕಯಂತ್ರವೇ ಉಂಟು. ಅದು ಇಂಟರ್ನೆಟ್ಟಿನ ಮೂಲಕ ದೂರದಲ್ಲಿ ಕೂಡಿಟ್ಟಿರುವ ಚಿತ್ರಗಳನ್ನು ತುಣುಕು ತುಣುಕಾಗಿ ತರಿಸಿಕೊಂಡು, ಬಂದಹಾಗೆಯೇ ತೆರೆಯ ಮೇಲೆ ತೋರಿಸುತ್ತದೆ. ಗೂಗಲ್ ಕಂಪನಿಯವರು 2013ರಲ್ಲಿ ಕ್ರೋಮ್‌ಕಾಸ್ಟ್ ಎಂಬ ಇಂಥ ಸಾಧನವನ್ನು ಅಮೆರಿಕದಲ್ಲಿ 35 ಡಾಲರಿಗೆ ಮಾರಿದರು. 2014ರ ಡಿಸೆಂಬರಿನಲ್ಲಿ ಅದು 2,999 ರೂಪಾಯಿಗೆ ನಮ್ಮ ದೇಶಕ್ಕೆ ಬಂತು. ಅಮೆಜಾನಿನವರ ಫೈರ್ ಟಿವಿ ಸ್ಟಿಕ್ 2017ರ ಏಪ್ರಿಲಿನಲ್ಲಿ 3,999 ರೂಪಾಯಿಗೆ ಬಂತು. ಕೆಡದ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಹೊಸದಕ್ಕೆ ಸಾಲ ಮಾಡುವದಕ್ಕಿಂತ, ಇದ್ದದ್ದಕ್ಕೆ ಸ್ವಲ್ಪ ಕೂಡಿಸಿ ನಡಿಸುವದು ಬುದ್ಧಿವಂತರ ಕೆಲಸವೇ. ಇದರಲ್ಲಿ ನಮಗೆ ಯಾವ ತಕರಾರೂ ಇಲ್ಲ.

ಪೆಟ್ಟಿಗೆಗೆ ಹೊರಗಿನಿಂದ ಶಕ್ತಿಯನ್ನು ಕೂಡಿಸುವ ಕೆಲಸವು ನಮ್ಮ ನಾಡಿಗೆ ಹೊಸದೂ ಅಲ್ಲ. 1975ನೇ ಆಗಸ್ಟ್ 1ರಿಂದ 1976ನೇ ಜುಲೈ 31ರ ವರೆಗೆ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸೈಟ್ ಎಂಬ ಉಪಗ್ರಹ ಶಿಕ್ಷಣದ ಪ್ರಯೋಗವು ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಲ್ಪಟ್ಟವು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು. ರಾಯಚೂರು ಜಿಲ್ಲೆಯು ಆಗ ನಮ್ಮ ತುಂಗಭದ್ರೆಯ ಆಚೇ ದಡದಿಂದಲೇ ಆರಂಭವಾಗುತ್ತಿತ್ತು. ಅಮೆರಿಕದವರು ಒಂದು ವರುಷದ ಮಟ್ಟಿಗೆ ಕೊಟ್ಟಿದ್ದ ಎ.ಟಿ.ಎಸ್.-6 ಎಂಬ ಉಪಗ್ರಹವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿತ್ತು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ದೊಡ್ಡ ತಟ್ಟೆಯು ಅದರ ಅಲೆಗಳನ್ನು ಹಿಡಿಯುತ್ತಿತ್ತು. ಒಂದು ಪರಿವರ್ತಕವು ಅವುಗಳನ್ನು ಟೆಲಿವಿಷನ್ನಿಗೆ ತಕ್ಕಂತೆ ಮಾಡಿಕೊಡುತ್ತಿತ್ತು. ಆ ತಟ್ಟೆಯೂ ಪರಿವರ್ತಕವೂ ಮಾಡಿದ ಕೆಲಸವನ್ನೇ ಈಗ ಬೇರೆ ರೀತಿಯಲ್ಲಿ ಈ ಕಡ್ಡಿಯು ಮಾಡುತ್ತದೆ ಎಂದರೂ ಸಲ್ಲುತ್ತದೆ.

ಆದರೆ ಈ ಎರಡಕ್ಕೂ ಇರುವ ಅಂತರವನ್ನು ಗಮನಿಸಿರಿ. ಆಗ ಇಡೀ ಊರಿಗೆ ಒಂದೇ ಪೆಟ್ಟಿಗೆ. ಅದೂ ಶಾಲೆಯಂಥ ಎಲ್ಲರ ಸ್ಥಳದಲ್ಲಿ. ಬೆಳಿಗ್ಗೆ ಮಕ್ಕಳಿಗೆ, ಸಾಯಂಕಾಲ ದೊಡ್ಡವರಿಗೆ. ಬೇಸಾಯವೋ ಆರೋಗ್ಯವೋ ಆಟಪಾಟವೋ, ಏನನ್ನು ತೋರಿಸಬೇಕೆಂದು ದೂರದ ಅಧಿಕಾರಿಗಳು ಗೊತ್ತುಮಾಡಿದರು, ನೋಡುವವರಿಗೆ ಆಯ್ಕೆಯಿರಲಿಲ್ಲ. ಇದು ಆ ಏರ್ಪಾಡಿನ ಕೊರತೆಯೆಂದು ಒಪ್ಪಿಕೊಳ್ಳತಕ್ಕದ್ದು. ಆದರೂ ಅಲ್ಲಿ ಕುರುಡನಿಗೆ ಪಕ್ಕದವನು ಹೇಳುತ್ತಿದ್ದನು. ಓದುಬರಹ ಬಾರದವಳೂ ಓದಿದವಳೂ ಒಂದೇ ನೆಲದ ಮೇಲೆ ಕೂತು ನೋಡಬಹುದಾಗಿತ್ತು. ಈಗಲಾದರೋ ಆಯ್ಕೆಯು ಸಮುದ್ರದಷ್ಟು. ಆರಿಸಬಲ್ಲವನಿಗೆ ಮಾತ್ರ ಅದು ಸಿಕ್ಕುತ್ತದೆ. ಹೀಗಿರಲಾಗಿ ನಮ್ಮ ಮುಂದಿರುವ ಪ್ರಶ್ನೆಯು ಇದು: ಆರಿಸಲಾರದವನ ಗತಿ ಏನು?

ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಮನೆಯ ತಪ್ಪಿನಿಂದ ಕಲಿತೆವು. ನಾವು ಕಡ್ಡಿಯನ್ನು ತಂದಾಗ, ಎರಡೆರಡು ಖರ್ಚು ಯಾಕೆ ಎಂದು ತಟ್ಟೆಯ ತಿಂಗಳ ಹಣವನ್ನು ನಿಲ್ಲಿಸಿದೆವು. ಮಕ್ಕಳು ಹಿಗ್ಗಿದರು. ನಾವೂ ಉಳಿತಾಯದ ಲೆಕ್ಕ ಹಾಕಿ ತೃಪ್ತಿಪಟ್ಟೆವು. ಕೆಲವು ದಿನಗಳ ಮೇಲೆ, ಸಾಯಂಕಾಲ ಏಳು ಗಂಟೆಗೆ ನಮ್ಮ ವೃದ್ಧ ತಾಯಿಯವರು ಒಬ್ಬರೇ ಹೊರಗಿನ ಜಗಲಿಯ ಮೇಲೆ ಕತ್ತಲಲ್ಲಿ ಕೂತಿರುವದನ್ನು ಕಂಡೆವು. ಒಳಗೆ ಬರಬಾರದೇ ಎಂದು ಕೇಳಿದೆವು. ಅದಕ್ಕೆ ಅವರು, “ಮೊದಲು ಏಳಕ್ಕೆ ಅದು ತಾನಾಗಿ ಬರುತ್ತಿತ್ತು. ಈಗ ಕರೆದರೆ ಬರುತ್ತದಂತೆ. ನನಗೆ ಕರೆಯಲಿಕ್ಕೆ ಬರುವದಿಲ್ಲ. ದಿನಾ ಮಕ್ಕಳನ್ನು ಬೇಡಲಿಕ್ಕೆ ಮನಸ್ಸು ಒಪ್ಪದು” ಅಂದರು. ಕಣ್ಣು ಮಬ್ಬಾದವರಿಗೆ, ಅಕ್ಷರ ಬಾರದವರಿಗೆ, ತೆರೆಯ ತುಂಬ ಸಾಲುಸಾಲಾಗಿ ನಿಂತ ಸಣ್ಣ ಚಿತ್ರಗಳಲ್ಲಿ ತಮ್ಮದು ಯಾವದೆಂದು ತಿಳಿಯುವದು ಹೇಗೆ? ನಾವು ಮನೆಗೆ ಶಕ್ತಿಯನ್ನು ಕೂಡಿಸಿದೆವೆಂದು ತಿಳುಕೊಂಡಿದ್ದೆವು. ಒಬ್ಬರಿಂದ ಅದನ್ನು ಕಿತ್ತುಕೊಂಡಿದ್ದೆವೆಂದು ಆಗ ಅರಿತೆವು.

ಆದದರಿಂದ ಈ ಕಡ್ಡಿಯನ್ನು ಚುಚ್ಚುವವನು ಮೂರು ಹೊಣೆಗಳನ್ನೂ ತನ್ನ ಮೇಲೆ ತೆಗೆದುಕೊಳ್ಳಬೇಕೆಂದು ನಾವು ಹೇಳುತ್ತೇವೆ.

ಒಂದನೆಯದಾಗಿ, ಆರಿಸಲಾರದವರಿಗೋಸ್ಕರ ಆರಿಸುವ ಹೊಣೆ. ನಾವು ಮಾಡಿದ್ದು ಇಷ್ಟೇ. 2004ರಿಂದ ಸರಕಾರವು ನಡಿಸುತ್ತಿರುವ ಡಿಡಿ ಫ್ರೀ ಡಿಶ್ಶಿಗೆ ತಿಂಗಳ ಹಣವಿಲ್ಲ; ಅದರಲ್ಲಿ ಚಂದನ ವಾಹಿನಿಯೂ ಬರುತ್ತದೆ. ಅದನ್ನು ಒಂದು ಕಿಂಡಿಗೆ, ಕಡ್ಡಿಯನ್ನು ಇನ್ನೊಂದು ಕಿಂಡಿಗೆ ಜೋಡಿಸಿದೆವು. ಇದಲ್ಲದೆ, ಏಳಕ್ಕೆ ಮುಂಚೆ ಗುಂಡಿ ಒತ್ತಿ ಅಜ್ಜಿಯನ್ನು ಕರೆತಂದು ಪಕ್ಕದಲ್ಲಿ ಕೂತುಕೊಳ್ಳುವ ಕೆಲಸವನ್ನು ಮನೆಯ ಚಿಕ್ಕ ಹುಡುಗನಿಗೆ ವಹಿಸಿದೆವು. ಸಾಧನಕ್ಕಿಂತ ಆ ಹುಡುಗನೇ ಹೆಚ್ಚು ಉಪಯೋಗಕ್ಕೆ ಬಂದನು.

ಎರಡನೆಯದಾಗಿ, ಇತರರ ಪಾಲನ್ನು ಕಾಯುವ ಹೊಣೆ. ಸ್ಪಷ್ಟವಾದ ಎಚ್.ಡಿ. ಚಿತ್ರವನ್ನು ಒಂದು ಗಂಟೆ ನೋಡಿದರೆ ಸುಮಾರು 3 ಜಿ.ಬಿ. ವರೆಗೂ ಡೇಟಾ ಹೋಗಬಹುದು. ದಿನಕ್ಕೆ 1.5 ಜಿ.ಬಿ. ಬರುವ ಮೊಬೈಲಿನಿಂದ ನಡಿಸುವ ಮನೆಯಲ್ಲಿ ಅರ್ಧ ಗಂಟೆಯೊಳಗೆ ಬಾವಿ ಬತ್ತಿತು! ಆ ಮೇಲೆ ಮಗಳು ಪಾಠವನ್ನು ಕೇಳುವದು, ತಂದೆಯು ಪೇಟೆಯ ದರವನ್ನು ನೋಡುವದು ಹೇಗೆ? ಮೊದಲ ಮಡಿಯು ಕುಡಿದು ಕೊಳೆಯುತ್ತಿರುವಾಗ ಕಡೇ ಮಡಿಯು ಒಣಗಬಾರದು. ಚಿತ್ರದ ಮಟ್ಟವನ್ನು ಸೆಟ್ಟಿಂಗಿನಲ್ಲಿ ಇಳಿಸಿದರೆ ಗಂಟೆಗೆ 1 ಜಿ.ಬಿ.ಗಿಂತಲೂ ಕಡಿಮೆಯಲ್ಲಿ ನಡೆಯುತ್ತದೆ. ಚಿತ್ರವು ತುಸು ಮಸಕಾದರೂ ಮನೆಯ ನ್ಯಾಯವು ಮಸಕಾಗದು.

ಮೂರನೆಯದಾಗಿ, ನಿಲ್ಲಿಸುವ ಹೊಣೆ. ಸೈಟಿನ ಕಾಲದಲ್ಲಿ ಗೊತ್ತಾದ ಹೊತ್ತಿಗೆ ಪ್ರಸಾರವೇ ನಿಲ್ಲುತ್ತಿತ್ತು; ಜನರು ಎದ್ದು ಮನೆಗೆ ಹೋಗುತ್ತಿದ್ದರು. ಈಗ ಒಂದು ಕಂತು ಮುಗಿದ ಕೆಲವೇ ಕ್ಷಣಗಳಲ್ಲಿ ಮುಂದಿನದು ತಾನಾಗಿ ಆರಂಭವಾಗುತ್ತದೆ. ನಾವು ನಿನ್ನೆ ನೋಡಿದ್ದನ್ನು ಲೆಕ್ಕವಿಟ್ಟು ಇಂದಿನದನ್ನು ಯಂತ್ರವೇ ಮುಂದಿಡುತ್ತದೆ. ನಮಗೆ ಆಯ್ಕೆಯುಂಟೆಂದು ಹೆಮ್ಮೆಪಡುತ್ತಾ ಕೂತಿರುವಾಗ ಯಂತ್ರವು ನಮಗಾಗಿ ಆರಿಸುತ್ತಿರುತ್ತದೆ. ಬೇಡವೆಂದು ಏಳಲಾರದವನಿಗೆ ಬೇಕೆಂದು ಆರಿಸುವ ಸ್ವಾತಂತ್ರ್ಯವೂ ಇಲ್ಲವೆಂದೇ ಹೇಳಬೇಕು. ತಾನಾಗಿ ಮುಂದೆ ಓಡುವ ಆ ಏರ್ಪಾಡನ್ನು ಅನೇಕ ಆ್ಯಪುಗಳಲ್ಲಿ ಮುಚ್ಚಿಡಬಹುದು. ಅದನ್ನು ಮುಚ್ಚಿರಿ, ಮಕ್ಕಳಿಗೆ ಬೇರೆ ಖಾತೆಯನ್ನು ಮಾಡಿಕೊಡಿರಿ, ಆದರೆ ಕಡೆಗೆ ಏಳುವವರು ನಾವೇ ಆಗಿರಬೇಕು.

ಇದರ ಮೇಲೆ ಕೆಲವರು, ಇಷ್ಟು ತೊಂದರೆಯಿದ್ದರೆ ಕಡ್ಡಿಯೇ ಯಾಕೆ ಬೇಕು ಎಂದು ಕೇಳಾರು. ಬೇಡವೆಂದು ನಾವು ಹೇಳುವದಿಲ್ಲ. ಶಾಲೆ ದೂರವಿರುವ ಮಗುವಿಗೆ ಅದು ಒಳ್ಳೇ ಉಪಾಧ್ಯಾಯನಾದೀತು. ಅದನ್ನೇ ಪೂರ್ತಿಯಾಗಿ ನೆಚ್ಚಬೇಡಿರೆಂದು ಮಾತ್ರ ಹೇಳುತ್ತೇವೆ. 1976ರಲ್ಲಿ ಅವಧಿ ತೀರಿದ ಮೇಲೆ ಆ ಉಪಗ್ರಹವು ಬೇರೆ ಕಡೆಗೆ ಸಾಗಿಸಲ್ಪಟ್ಟಿತು. 2015ರಲ್ಲಿ ಹೊರಬಂದ ಎರಡನೆಯ ಮಾದರಿಯ ಕ್ರೋಮ್‌ಕಾಸ್ಟುಗಳು 2025ರ ಮಾರ್ಚಿನಲ್ಲಿ ಒಳಗಿನ ಒಂದು ಪ್ರಮಾಣಪತ್ರದ ಅವಧಿ ತೀರಿದ್ದರಿಂದ ಲೋಕದ ಅನೇಕ ಮನೆಗಳಲ್ಲಿ ಒಮ್ಮೆಲೇ ಕೆಲಸ ನಿಲ್ಲಿಸಿದವು. ಕಂಪನಿಯವರು ಸರಿಪಡಿಸುವದಕ್ಕೆ ಕೆಲವು ದಿನಗಳು ಹಿಡಿದವು. ದೂರದಿಂದ ಬರುವ ಶಕ್ತಿಯು ದೂರದಿಂದಲೇ ನಿಂತೂಹೋಗುತ್ತದೆ. ಪಕ್ಕದಲ್ಲಿ ಕೂತವರು ಹಾಗಲ್ಲ.

ಹೀಗಿರಲಾಗಿ, ಪ್ರಿಯರೇ, ಈ ಸಾಯಂಕಾಲ ನಿಮ್ಮ ಮನೆಯ ಪೆಟ್ಟಿಗೆಯು ಬೆಳಗಿದಾಗ ತೆರೆಯನ್ನು ನೋಡುವದಕ್ಕೆ ಮುಂಚೆ ಒಂದು ಸಾರಿ ಹಿಂದಕ್ಕೆ ತಿರುಗಿ, ಯಾರು ಒಳಗಿದ್ದಾರೆ, ಯಾರು ಜಗಲಿಯ ಮೇಲಿದ್ದಾರೆ ಎಂದು ನೋಡಿರಿ. ಹೊರಗಿದ್ದವರನ್ನು ಕರೆಯಿರಿ. ಆ ಕೆಲಸವನ್ನು ಯಾವ ಕಡ್ಡಿಯೂ ಮಾಡದು.